ಅಡ್ಡಬಂಧಿತ ಪಾಲಿಮರ್‌ಗಳಲ್ಲಿ ಮುಕ್ತ ಗಾತ್ರ ಮತ್ತು ಅದರ ಅಳತೆ

ಪಾಲಿಮರ್ ಸರಪಳಿಗಳು ಎಷ್ಟೇ ಒತ್ತಾಗಿ ಕೂತಿದ್ದರೂ ಅವುಗಳ ನಡುವೆ ಅಣುಗಳು ತುಂಬದ ಕಿರು ಸಂದುಗಳು ಉಳಿಯುತ್ತವೆ. ಈ ಸಂದುಗಳ ಒಟ್ಟು ಗಾತ್ರಕ್ಕೆ ಮುಕ್ತ ಗಾತ್ರ ಎಂದು ಹೆಸರು. ಒಂದೊಂದು ಸಂದಿನ ಅಡ್ಡಳತೆ ಸಾಮಾನ್ಯವಾಗಿ ಅರ್ಧ ನ್ಯಾನೊಮೀಟರಿನ ಆಸುಪಾಸು, ಅಂದರೆ ಮೀಟರಿನ ಇನ್ನೂರು ಕೋಟಿಯಲ್ಲಿ ಒಂದು ಭಾಗ. ವಸ್ತುವಿನ ಒಳಗೆ ಗಾಳಿ ಎಷ್ಟು ಬೇಗ ನುಸುಳುತ್ತದೆ, ನೀರು ಎಷ್ಟು ಹಿಡಿಯುತ್ತದೆ, ಬಿಸಿಲಿಗೆ ಅದು ಯಾವಾಗ ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಏಕೆ ಬಿರುಸಾಗಿ ಬಿರಿಯುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬಹುಮಟ್ಟಿಗೆ ಈ ಸಂದುಗಳಲ್ಲಿದೆ.

ಸರಪಳಿಗಳ ನಡುವೆ ರಾಸಾಯನಿಕ ಬಂಧಗಳು ಏರ್ಪಟ್ಟು ಇಡೀ ತುಂಡೇ ಒಂದು ಬಲೆಯಾದರೆ ಅದು ಅಡ್ಡಬಂಧಿತ ಪಾಲಿಮರ್. ವಲ್ಕನೀಕರಿಸಿದ ರಬ್ಬರ್, ಎಪಾಕ್ಸಿ, ಬೇಕಲೈಟ್, ಫೈಬರ್ ತೊಟ್ಟಿಗಳ ಪಾಲಿಯೆಸ್ಟರ್ ರೆಸಿನ್ ಈ ಜಾತಿಗೆ ಸೇರಿದವು. ಬೀದರ್ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿ 65 ಮತ್ತು 50 ಕೂಡುವ ಹುಮನಾಬಾದ್, ಅದೇ 65ರ ದಾರಿಗೆ ಹತ್ತಿರದ ಬಸವಕಲ್ಯಾಣ, ಇಂಥ ವಸ್ತುಗಳು ಹಗಲಿರುಳು ದುಡಿಯುವ ಊರುಗಳು. ಪುಣೆ–ಹೈದರಾಬಾದ್ ನಡುವೆ ಓಡುವ ಲಾರಿಯ ಟೈರು, ಟ್ಯೂಬು, ಬೆಲ್ಟು, ಬಣ್ಣ, ಅಂಟು ಇವೆಲ್ಲ ಬಹುಮಟ್ಟಿಗೆ ಅಡ್ಡಬಂಧಿತ ಪಾಲಿಮರ್‌ಗಳೇ. ಇಂಥ ಸಂದುಗಳನ್ನು ಅಳೆಯುವ ಭೌತಶಾಸ್ತ್ರದಲ್ಲಿ ಕರ್ನಾಟಕಕ್ಕೆ ತನ್ನದೇ ಪರಂಪರೆಯಿದೆ. ಅದರ ನೆಲೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿ.

ಪರಿಕಲ್ಪನೆ ಬೆಳೆದ ಬಗೆ

ತೊಗರಿ ತುಂಬಿದ ಚೀಲವನ್ನು ಕುಲುಕಿದರೆ ಕಾಳುಗಳ ನಡುವಿನ ಸಂದು ಕುಗ್ಗಿ ರಾಶಿ ಕೆಳಗಿಳಿಯುತ್ತದೆ; ಕಾಳಿನ ತೂಕವಾಗಲಿ ಗಾತ್ರವಾಗಲಿ ಬದಲಾಗುವುದಿಲ್ಲ. ಪಾಲಿಮರ್‌ನಲ್ಲೂ ಅಣುಗಳು ಆಕ್ರಮಿಸಿದ ಗಾತ್ರ ಮತ್ತು ಉಳಿದ ಸಂದಿನ ಗಾತ್ರ ಎರಡೂ ಬೇರೆ ಬೇರೆ, ಬದಲಾಗುವುದು ಮುಖ್ಯವಾಗಿ ಎರಡನೆಯದು. ಈ ವಿಚಾರವನ್ನು ಗಟ್ಟಿಗೊಳಿಸಿದ್ದು 1950ರ ದಶಕ. 1950ರಲ್ಲಿ ಫಾಕ್ಸ್ ಮತ್ತು ಫ್ಲೋರಿ, ಪಾಲಿಮರ್ ಗಾಜಿನಂತೆ ಸೆಟೆದುಕೊಳ್ಳುವ ತಾಪಮಾನವನ್ನು, ಅಂದರೆ ಗಾಜು-ಸಂಕ್ರಮಣ ತಾಪಮಾನವನ್ನು, ಮುಕ್ತ ಗಾತ್ರದೊಂದಿಗೆ ತಳಕು ಹಾಕಿದರು. 1951ರಲ್ಲಿ ಡೂಲಿಟಲ್, ದ್ರವದ ಸ್ನಿಗ್ಧತೆ ಮುಕ್ತ ಗಾತ್ರದ ಮೇಲೆ ನಿಂತಿದೆ ಎಂದು ತೋರಿಸಿದ. 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರಿ ಕೊಟ್ಟ ಸಮೀಕರಣದ ಪ್ರಕಾರ, ಗಾಜು-ಸಂಕ್ರಮಣ ತಾಪಮಾನದಲ್ಲಿ ಬಹುತೇಕ ಪಾಲಿಮರ್‌ಗಳ ಮುಕ್ತ ಗಾತ್ರ ಒಟ್ಟು ಗಾತ್ರದ ಸುಮಾರು 2.5 ಪ್ರತಿಶತ. 1959ರಲ್ಲಿ ಕೊಹೆನ್ ಮತ್ತು ಟರ್ನ್‌ಬುಲ್, ಪಕ್ಕದಲ್ಲಿ ಸಾಕಷ್ಟು ದೊಡ್ಡ ಸಂದು ತೆರೆದಾಗಲೇ ಅಣು ಅತ್ತ ಜಿಗಿಯಬಲ್ಲದು ಎಂಬ ಚಿತ್ರವನ್ನು ಕೊಟ್ಟರು.

ಇವೆಲ್ಲ ಸ್ನಿಗ್ಧತೆ, ಉಷ್ಣ ವಿಸ್ತರಣೆಗಳಂಥ ದೊಡ್ಡ ಅಳತೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಪಡೆದ ಅಂಕಿಗಳು. ಒಟ್ಟು ಸಂದು ಎಷ್ಟೆಂದು ಇವು ಹೇಳುತ್ತವೆ. ಒಂದೊಂದು ಸಂದು ಎಷ್ಟು ದೊಡ್ಡದು, ಎಷ್ಟು ಸಂದುಗಳಿವೆ ಎಂಬುದನ್ನು ಹೇಳುವುದಿಲ್ಲ. ಅಡ್ಡಬಂಧಿತ ವಸ್ತುವಿನ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು. ಅದು ಯಾವ ದ್ರಾವಕದಲ್ಲೂ ಕರಗುವುದಿಲ್ಲ, ಉಬ್ಬಬಹುದಷ್ಟೆ. ಕಾಯಿಸಿದರೆ ಕರಗಿ ಹರಿಯುವುದೂ ಇಲ್ಲ. ದ್ರಾವಣದಲ್ಲಿಟ್ಟು ಸರಪಳಿಯನ್ನು ಅಳೆಯುವ ಪಾಲಿಮರ್ ವಿಜ್ಞಾನದ ಹಳೆಯ ದಾರಿಗಳೆಲ್ಲ ಇಲ್ಲಿ ಮುಚ್ಚಿಹೋಗುತ್ತವೆ. ಘನರೂಪದಲ್ಲೇ ಒಳಹೊಕ್ಕು ನೋಡುವ ಶೋಧಕವೊಂದು ಬೇಕಾಯಿತು.

ಅಡ್ಡಬಂಧ ತರುವ ಬದಲಾವಣೆ

1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ, ಬೇಸಿಗೆಗೆ ಅಂಟುವ, ಚಳಿಗೆ ಸೆಟೆಯುವ ಆ ವಸ್ತುವನ್ನು ಬಾಳಿಕೆಯ ಸರಕಾಗಿ ಮಾಡಿದ. ಗಂಧಕದ ಪರಮಾಣುಗಳು ಸರಪಳಿಯಿಂದ ಸರಪಳಿಗೆ ಸೇತುವೆ ಕಟ್ಟುತ್ತವೆ. ಎಪಾಕ್ಸಿಯಲ್ಲಿ ಈ ಕೆಲಸ ಹಾರ್ಡನರ್‌ನದು. ಅದರಲ್ಲಿನ ಅಮೈನ್ ಗುಂಪುಗಳು ರೆಸಿನ್ನಿನ ಉಂಗುರಗಳನ್ನು ಬಿಡಿಸಿ ಬೆಸೆಯುತ್ತವೆ.

ಸೇತುವೆ ಕಟ್ಟಿದಲ್ಲಿ ಎರಡು ಸರಪಳಿಗಳ ಅಂತರ ತಗ್ಗುತ್ತದೆ. ಅಕ್ಕಪಕ್ಕದ ತುಣುಕುಗಳ ಓಡಾಟಕ್ಕೂ ಕಡಿವಾಣ ಬೀಳುತ್ತದೆ. ಹಾಗಾಗಿ ಅಡ್ಡಬಂಧ ಹೆಚ್ಚಿದಷ್ಟೂ ಗಾಜು-ಸಂಕ್ರಮಣ ತಾಪಮಾನ ಏರುತ್ತದೆ. ಫಾಕ್ಸ್ ಮತ್ತು ಲೊಶೇಕ್ 1955ರಲ್ಲಿ ಈ ಏರಿಕೆಗೆ ಸರಳ ಸೂತ್ರ ಕೊಟ್ಟರು. ಇಷ್ಟು ಕೇಳಿದವರಿಗೆ, ಅಡ್ಡಬಂಧ ಹೆಚ್ಚಾದರೆ ಮುಕ್ತ ಗಾತ್ರ ಕಡಿಮೆಯಾಗಲೇಬೇಕು, ಬಂಧಗಳನ್ನು ಎಣಿಸಿದರೆ ಸಾಕು ಎನ್ನಿಸುತ್ತದೆ. ಆದರೆ ಅದು ಯಾವಾಗಲೂ ನಿಜವಲ್ಲ. ಬಂಧಗಳ ಎಣಿಕೆ ಮತ್ತು ಸಂದುಗಳ ಅಳತೆ ಎರಡು ಬೇರೆ ಸಂಗತಿಗಳೆಂಬುದು ಈ ಕ್ಷೇತ್ರ ಕಲಿಸಿದ ದೊಡ್ಡ ಪಾಠ.

ಶೋಧಕ: ಪಾಸಿಟ್ರಾನ್

ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನ ಪ್ರತಿಕಣ. ತೂಕ ಅಷ್ಟೇ, ವಿದ್ಯುದಾವೇಶ ಮಾತ್ರ ಧನ. ಡಿರಾಕ್‌ನ ಸಿದ್ಧಾಂತದಿಂದ ಮೂಡಿದ ಈ ಕಣವನ್ನು 1932ರಲ್ಲಿ ಕಾರ್ಲ್ ಆಂಡರ್ಸನ್ ಕಂಡುಹಿಡಿದ. ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಕೂಡಿದರೆ ಎರಡೂ ನಾಶವಾಗಿ ಗಾಮಾ ಕಿರಣಗಳಾಗುತ್ತವೆ. ನಾಶಕ್ಕೆ ಮುನ್ನ ಅವೆರಡೂ ಒಂದನ್ನೊಂದು ಸುತ್ತುತ್ತ ಕ್ಷಣಕಾಲ ಜಲಜನಕದಂಥ ಜೋಡಿಯಾಗಬಹುದು. ಆ ಜೋಡಿಯೇ ಪಾಸಿಟ್ರೋನಿಯಂ. ಇದನ್ನು 1951ರಲ್ಲಿ ಮಾರ್ಟಿನ್ ಡಾಯ್ಚ್ ಪ್ರಯೋಗದಲ್ಲಿ ತೋರಿಸಿದ.

ಎರಡರ ಗಿರಕಿ ಎದುರುಬದುರಾಗಿದ್ದರೆ ಅದು ಪ್ಯಾರಾ-ಪಾಸಿಟ್ರೋನಿಯಂ. 125 ಪಿಕೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಗಿರಕಿ ಒಂದೇ ದಿಕ್ಕಿನಲ್ಲಿದ್ದರೆ ಅದು ಆರ್ಥೊ-ಪಾಸಿಟ್ರೋನಿಯಂ. ನಿರ್ವಾತದಲ್ಲಿ 142 ನ್ಯಾನೊಸೆಕೆಂಡ್ ಬಾಳುತ್ತದೆ. ಪಾಲಿಮರ್ ಒಳಗೆ ಅದಕ್ಕೆ ಅಷ್ಟು ಆಯುಷ್ಯವಿಲ್ಲ. ಎಲೆಕ್ಟ್ರಾನ್‌ಗಳು ದಟ್ಟವಾಗಿರುವ ಕಡೆ ಅದು ನಿಲ್ಲಲಾರದು, ಹತ್ತಿರದ ಸಂದಿಗೆ ನುಗ್ಗಿ ಕೂರುತ್ತದೆ. ಅಲ್ಲಿ ಗೋಡೆಗೆ ಮತ್ತೆ ಮತ್ತೆ ತಾಗುವಾಗ ಗೋಡೆಯ ಎಲೆಕ್ಟ್ರಾನೊಂದು ಪಾಸಿಟ್ರಾನನ್ನು ಸೆಳೆದುಕೊಂಡು ನಾಶಮಾಡುತ್ತದೆ. ಸಂದು ಚಿಕ್ಕದಾದರೆ ತಾಗಾಟ ಹೆಚ್ಚು, ಆಯುಷ್ಯ ಕಡಿಮೆ. ಸಂದು ದೊಡ್ಡದಾದರೆ ಆಯುಷ್ಯ ಹೆಚ್ಚು. ಪಾಲಿಮರ್‌ಗಳಲ್ಲಿ ಈ ಆಯುಷ್ಯ ಸಾಮಾನ್ಯವಾಗಿ 1ರಿಂದ 4 ನ್ಯಾನೊಸೆಕೆಂಡ್. 1960ರಲ್ಲಿ ಬ್ರಾಂಟ್, ಬರ್ಕೊ ಮತ್ತು ವಾಕರ್ ಆಯುಷ್ಯವನ್ನು ಮುಕ್ತ ಗಾತ್ರಕ್ಕೆ ಜೋಡಿಸಿದರು. ಅಂದಿನಿಂದ ಕಾಲದ ಅಳತೆಯೇ ಗಾತ್ರದ ಅಳತೆಯಾಯಿತು.

ಪ್ರಯೋಗದ ಕ್ರಮ

ಪಾಸಿಟ್ರಾನ್‌ಗಳ ಮೂಲ ಸೋಡಿಯಂ-22. ಅದರ ಅರ್ಧಾಯು 2.6 ವರ್ಷ. ಅದರ ಲವಣದ ದ್ರಾವಣದ ಒಂದು ಹನಿಯನ್ನು ಕ್ಯಾಪ್ಟನ್ (Kapton) ಎಂಬ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿಸಿ, ಮೇಲೊಂದು ಹಾಳೆ ಮುಚ್ಚಿ, ಎರಡೂ ಬದಿಗೆ ಪಾಲಿಮರ್ ತುಂಡುಗಳನ್ನು ಒತ್ತಿಡುತ್ತಾರೆ. ಕ್ಯಾಪ್ಟನ್ ಆರಿಸುವುದಕ್ಕೆ ಕಾರಣವಿದೆ: ಅದರೊಳಗೆ ಪಾಸಿಟ್ರೋನಿಯಂ ಹುಟ್ಟುವುದಿಲ್ಲ. ಆದ್ದರಿಂದ ದೀರ್ಘ ಆಯುಷ್ಯದ ಸಂಕೇತವೆಲ್ಲ ಮಾದರಿಯದೇ ಎಂದು ನಂಬಬಹುದು. ಪಾಸಿಟ್ರಾನ್‌ಗಳು ಹೊರಗೆ ತೂರಿಹೋಗದಂತೆ ತುಂಡುಗಳನ್ನು ಒಂದರ ಮೇಲೊಂದಿಟ್ಟು ಮಿಲಿಮೀಟರಿನ ಆಸುಪಾಸು ದಪ್ಪ ಮಾಡುತ್ತಾರೆ.

ಸೋಡಿಯಂ-22 ಪಾಸಿಟ್ರಾನ್ ಬಿಟ್ಟ ಕೂಡಲೇ 1275 ಕಿಲೊಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣವನ್ನೂ ಬಿಡುತ್ತದೆ. ಇದು ಹುಟ್ಟಿನ ಸುದ್ದಿ. ಪಾಸಿಟ್ರಾನ್ ನಾಶವಾದಾಗ ಬರುವ 511 ಕಿಲೊಎಲೆಕ್ಟ್ರಾನ್‌ವೋಲ್ಟಿನ ಕಿರಣ ಸಾವಿನ ಸುದ್ದಿ. ಎರಡು ಕಿರಣ-ಗ್ರಾಹಕಗಳಲ್ಲಿ ಒಂದು ಮೊದಲನೆಯದನ್ನು, ಇನ್ನೊಂದು ಎರಡನೆಯದನ್ನು ಹಿಡಿಯುತ್ತದೆ. ನಡುವಿನ ಕಾಲವನ್ನು ಎಲೆಕ್ಟ್ರಾನಿಕ್ ಮಂಡಲ ದಾಖಲಿಸುತ್ತದೆ. ಬೇರಿಯಂ ಫ್ಲೋರೈಡ್ ಹರಳು ಇದಕ್ಕೆ ಒಗ್ಗುತ್ತದೆ. ಗಾಮಾ ಕಿರಣ ತಾಗಿದಾಗ ಅದರಲ್ಲಿ ಮೂಡುವ ಮಿಂಚಿನ ಚುರುಕಾದ ಭಾಗ ಒಂದು ನ್ಯಾನೊಸೆಕೆಂಡಿಗಿಂತ ಮೊದಲೇ ಆರುತ್ತದೆ. ಆ ಬೆಳಕು ನೇರಳಾತೀತವಾದ್ದರಿಂದ ಅದನ್ನು ಗ್ರಹಿಸುವ ನಳಿಕೆಯ ಕಿಟಕಿ ಸಾಧಾರಣ ಗಾಜಿನದಾಗಿರದೆ ಕ್ವಾರ್ಟ್ಜ್‌ನದಾಗಿರಬೇಕು. ಒಳ್ಳೆಯ ಉಪಕರಣ ಸುಮಾರು 200 ಪಿಕೊಸೆಕೆಂಡಿನ ಅಂತರವನ್ನು ಬಿಡಿಸಿ ತೋರಿಸುತ್ತದೆ.

ಹೀಗೆ ಹತ್ತು ಲಕ್ಷದಷ್ಟು ಹುಟ್ಟು-ಸಾವುಗಳನ್ನು ಎಣಿಸಿದರೆ ಒಂದು ರೋಹಿತ ಸಿಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಬಿಡಿಸಿದರೆ ಸಾಮಾನ್ಯವಾಗಿ ಮೂರು ಆಯುಷ್ಯಗಳು ಹೊರಬರುತ್ತವೆ. ಮೂರರಲ್ಲಿ ದೀರ್ಘವಾದದ್ದು ಆರ್ಥೊ-ಪಾಸಿಟ್ರೋನಿಯಂನದು, ಸಂದಿನ ಗಾತ್ರ ತಿಳಿಸುವುದು ಅದೇ. ಆ ಘಟಕದ ಪಾಲನ್ನು, ಅಂದರೆ ತೀವ್ರತೆಯನ್ನು, ಸಂದುಗಳ ಸಂಖ್ಯೆಯ ಸೂಚಕವಾಗಿ ಓದುತ್ತಾರೆ. ಗಾತ್ರಗಳು ಹೇಗೆ ಹರಡಿವೆ ಎಂದು ನೋಡಬೇಕಿದ್ದರೆ ಕಾಂಟಿನ್‌ನಂಥ ಪ್ರೋಗ್ರಾಂಗಳಿವೆ.

ಆಯುಷ್ಯದಿಂದ ಗಾತ್ರಕ್ಕೆ

1972ರಲ್ಲಿ ಟಾವೊ ಕೊಟ್ಟ, 1981ರಲ್ಲಿ ಎಲ್ಡ್ರುಪ್ ಮತ್ತು ಸಂಗಡಿಗರು ಬೆಳೆಸಿದ ಮಾದರಿ ಸಂದನ್ನು ಗೋಳವೆಂದು ಭಾವಿಸುತ್ತದೆ. ಗೋಳದ ಒಳಗೋಡೆಗೆ 0.1656 ನ್ಯಾನೊಮೀಟರ್ ದಪ್ಪದ ಎಲೆಕ್ಟ್ರಾನ್ ಪದರವಿದೆ ಎಂದೂ, ಪಾಸಿಟ್ರೋನಿಯಂ ಆ ಪದರದಲ್ಲಿರುವಷ್ಟು ಹೊತ್ತು ಅದರ ಸರಾಸರಿ ಆಯುಷ್ಯ ಅರ್ಧ ನ್ಯಾನೊಸೆಕೆಂಡ್ ಎಂದೂ ಎಣಿಸುತ್ತದೆ. ಪದರದ ದಪ್ಪವನ್ನು, ರಂಧ್ರದ ಗಾತ್ರ ಮೊದಲೇ ಗೊತ್ತಿರುವ ಜಿಯೊಲೈಟ್‌ನಂಥ ವಸ್ತುಗಳಲ್ಲಿ ಅಳೆದು ನಿಗದಿ ಮಾಡಲಾಗಿದೆ.

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. ಆಯುಷ್ಯ 1.65 ನ್ಯಾನೊಸೆಕೆಂಡ್ ಆದರೆ ಸಂದಿನ ತ್ರಿಜ್ಯ 0.25 ನ್ಯಾನೊಮೀಟರ್, ಗಾತ್ರ 0.065 ಘನ ನ್ಯಾನೊಮೀಟರ್. ಆಯುಷ್ಯ 2.0 ನ್ಯಾನೊಸೆಕೆಂಡ್ ಆದರೆ ತ್ರಿಜ್ಯ 0.285, ಗಾತ್ರ 0.097. ಆಯುಷ್ಯ ಐದನೇ ಒಂದರಷ್ಟು ಏರಿದ್ದಕ್ಕೆ ಗಾತ್ರ ಒಂದೂವರೆ ಪಟ್ಟಾಯಿತು. ವಿಧಾನದ ಸೂಕ್ಷ್ಮತೆಯ ಗುಟ್ಟು ಇದು. ಕಾಲದಲ್ಲಿ ಕೆಲವೇ ಪಿಕೊಸೆಕೆಂಡಿನ ವ್ಯತ್ಯಾಸವನ್ನು ನೆಚ್ಚಿ ಹೇಳಬಲ್ಲ ಪ್ರಯೋಗಾಲಯ, ಸಾಂದ್ರತೆಯ ಅಳತೆಗೆ ಸುಲಭವಾಗಿ ದಕ್ಕದ ಬದಲಾವಣೆಯನ್ನೂ ಕಾಣಬಲ್ಲದು.

ಮುಕ್ತ ಗಾತ್ರದ ಒಟ್ಟು ಪಾಲು ಬೇಕಾದರೆ ಸಂದಿನ ಗಾತ್ರವನ್ನು ತೀವ್ರತೆಯಿಂದ ಗುಣಿಸಿ, ಅದನ್ನು ಒಂದು ಸ್ಥಿರಾಂಕದಿಂದ ಗುಣಿಸುತ್ತಾರೆ. ಗಾತ್ರ ಘನ ಆಂಗ್‌ಸ್ಟ್ರಾಂನಲ್ಲೂ ತೀವ್ರತೆ ಪ್ರತಿಶತದಲ್ಲೂ ಇದ್ದರೆ ಆ ಸ್ಥಿರಾಂಕ 0.0018. ಮೇಲಿನ ಎರಡನೇ ಮಾದರಿಯಲ್ಲಿ ತೀವ್ರತೆ 20 ಪ್ರತಿಶತ ಇದ್ದರೆ ಮುಕ್ತ ಗಾತ್ರದ ಪಾಲು ಸುಮಾರು 3.5 ಪ್ರತಿಶತ. ಈ ಸ್ಥಿರಾಂಕ ಬಂದದ್ದು ಅಮೆರಿಕದ ವೈ.ಸಿ. ಜೀನ್ ಮತ್ತು ಸಂಗಡಿಗರು ಎಪಾಕ್ಸಿಯ ಮೇಲೆ ಮಾಡಿದ ಪ್ರಯೋಗಗಳಿಂದ. ಪಾಲಿಮರ್ ಲೋಕವೆಲ್ಲ ಬಳಸುವ ಅಳತೆಗೋಲು ಹುಟ್ಟಿದ್ದೇ ಅಡ್ಡಬಂಧಿತ ವಸ್ತುವಿನಲ್ಲಿ.

ಮೈಸೂರಿನ ಕೊಡುಗೆ

ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಅಧ್ಯಯನ ವಿಭಾಗದಲ್ಲಿ ಸಿ. ರಂಗನಾಥಯ್ಯನವರ ಮುಂದಾಳತ್ವದಲ್ಲಿ ಪಾಸಿಟ್ರಾನ್ ಆಯುಷ್ಯದ ಅಧ್ಯಯನ ದಶಕಗಳ ಕಾಲ ನಡೆಯಿತು. ಎಚ್.ಬಿ. ರವಿಕುಮಾರ್ ಅವರಂಥ ಶಿಷ್ಯರು ಅದನ್ನು ಮುಂದುವರಿಸಿದರು. ವಿಶೇಷವಾಗಿ ಎರಡು ಪಾಲಿಮರ್‌ಗಳನ್ನು ಬೆರೆಸಿದಾಗ ಅವು ಅಣುಮಟ್ಟದಲ್ಲಿ ಬೆರೆತಿವೆಯೋ ಬೇರೆ ಬೇರೆಯಾಗಿ ನಿಂತಿವೆಯೋ ಎಂದು ಪತ್ತೆಹಚ್ಚುವುದು ಈ ಗುಂಪಿನ ಪ್ರಮುಖ ಕೆಲಸ. ಸರಪಳಿಗಳು ಒಂದರ ಮೇಲೊಂದು ಜಾರುವಾಗ ಉಂಟಾಗುವ ಘರ್ಷಣೆಯನ್ನು ಸೂಚಿಸುವ ದ್ರವಗತಿಕ ಅನ್ಯೋನ್ಯಕ್ರಿಯೆಯ ಅಂಶವನ್ನು, ಸ್ನಿಗ್ಧತೆ ಅಳೆಯದೆ, ಮುಕ್ತ ಗಾತ್ರದ ಅಂಕಿಗಳಿಂದಲೇ ಪಡೆಯುವ ದಾರಿಯನ್ನು ಅವರು ರೂಪಿಸಿದರು. ಬೆರಕೆಯ ಯಾವ ಪ್ರಮಾಣದಲ್ಲಿ ಎರಡೂ ಚೆನ್ನಾಗಿ ಹೊಂದುತ್ತವೆ, ಯಾವ ಪ್ರಮಾಣದಲ್ಲಿ ಒಡೆದುಕೊಳ್ಳುತ್ತವೆ ಎಂದು ಇದರಿಂದ ತಿಳಿಯುತ್ತದೆ.

ಅಡ್ಡಬಂಧಿತ ವಸ್ತುವಿಗೆ ನೇರವಾಗಿ ಸೇರಿದ ಕೆಲಸವೂ ಇದೆ. ಎಪಾಕ್ಸಿ ಗಟ್ಟಿ, ಆದರೆ ಪೆಡಸು. ಪೆಟ್ಟು ಬಿದ್ದರೆ ಬಿರಿಯುತ್ತದೆ. ಅದಕ್ಕೆ ಬೇರೆ ಪಾಲಿಮರ್ ಬೆರೆಸಿ ಗುಣ ತಿದ್ದುವುದು ರೂಢಿ. ಎಪಾಕ್ಸಿಯೊಂದಿಗೆ ಪಾಲಿಮೀಥೈಲ್ ಮೆಥಾಕ್ರಿಲೇಟ್ ಬೆರೆಸಿದ ಮಾದರಿಗಳಲ್ಲಿ ಯಾಂತ್ರಿಕ ಗುಣಗಳಿಗೂ ಮುಕ್ತ ಗಾತ್ರಕ್ಕೂ ಇರುವ ನಂಟನ್ನು ಈ ಗುಂಪು ಹುಡುಕಿತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೈಸೂರಿನ ಪಾಲಿಮರ್ ವಿಜ್ಞಾನಿ ಸಿದ್ದರಾಮಯ್ಯನವರೂ ಪಾಲುಗೊಂಡಿದ್ದರು. ಭೌತಶಾಸ್ತ್ರದವರ ಪಾಸಿಟ್ರಾನ್ ಮತ್ತು ಪಾಲಿಮರ್ ಎಂಜಿನಿಯರರ ಎಳೆತ-ಪರೀಕ್ಷೆ ಒಂದೇ ಮಾದರಿಯ ಮೇಲೆ ಕೂಡಿದ್ದು ಈ ಕೆಲಸದ ಬೆಲೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಬೆರಕೆ ಸೇರಿಸಿದ ಪಾಲಿವಿನೈಲ್ ಆಲ್ಕೊಹಾಲಿನಂಥ ಪಾಲಿಮರ್‌ಗಳನ್ನು ಪಾಸಿಟ್ರಾನ್ ವಿಧಾನದಿಂದ ಪರಿಶೀಲಿಸಿದ್ದಾರೆ. ದೇಶದ ಮಟ್ಟದಲ್ಲಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮತ್ತು ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರ ಈ ವಿದ್ಯೆಯ ದೊಡ್ಡ ನೆಲೆಗಳು.

ಅಳತೆ ತೋರಿಸಿದ ಸಂಗತಿಗಳು

ರಬ್ಬರಿನಲ್ಲಿ ಚಿತ್ರ ನೇರವಾಗಿದೆ. ಕೋಣೆಯ ತಾಪದಲ್ಲಿ ಅದು ತನ್ನ ಗಾಜು-ಸಂಕ್ರಮಣ ತಾಪಮಾನಕ್ಕಿಂತ ಬಹಳ ಮೇಲಿರುತ್ತದೆ, ಸರಪಳಿಗಳು ಚುರುಕಾಗಿ ಓಡಾಡುತ್ತಿರುತ್ತವೆ. ಗಂಧಕದ ಸೇತುವೆಗಳು ಹೆಚ್ಚಿದಂತೆ ಸಂದು ಕಿರಿದಾಗುತ್ತದೆ, ಪಾಸಿಟ್ರೋನಿಯಂನ ಆಯುಷ್ಯ ತಗ್ಗುತ್ತದೆ.

ಎಪಾಕ್ಸಿಯಲ್ಲಿ ಚಿತ್ರ ತಿರುಗುತ್ತದೆ. ಬಿಸಿಯಲ್ಲಿ ಗಟ್ಟಿಯಾಗುತ್ತಿರುವಾಗ ಅದು ಕುಗ್ಗುತ್ತದೆ, ನಿಜ. ಆದರೆ ಬಂಧಗಳು ಹೆಚ್ಚಾದಷ್ಟೂ ಗಾಜು-ಸಂಕ್ರಮಣ ತಾಪಮಾನ ಮೇಲೇರುತ್ತದೆ. ತಣಿಯುವಾಗ ಬಲೆ ಮೇಲಿನ ತಾಪದಲ್ಲೇ ಸೆಟೆದು ನಿಂತುಬಿಡುತ್ತದೆ, ಇನ್ನಷ್ಟು ಒತ್ತಾಗಿ ಕೂರಲು ಅದಕ್ಕೆ ಅವಕಾಶ ಸಿಗುವುದಿಲ್ಲ. ಹೀಗಾಗಿ ಹೆಚ್ಚು ಅಡ್ಡಬಂಧವಿರುವ ಎಪಾಕ್ಸಿ ಕೋಣೆಯ ತಾಪದಲ್ಲಿ ಕೆಲವೊಮ್ಮೆ ಕಡಿಮೆ ಅಡ್ಡಬಂಧದ್ದಕ್ಕಿಂತ ಹಗುರವಾಗಿರುತ್ತದೆ, ಅದರ ಮುಕ್ತ ಗಾತ್ರ ಹೆಚ್ಚಿರುತ್ತದೆ. ಅದು ನೀರನ್ನೂ ಹೆಚ್ಚು ಹೀರಬಹುದು. ಪೂರ್ತಿ ಬೇಯಿಸಿದ ರೆಸಿನ್ ಎಲ್ಲ ವಿಧದಲ್ಲೂ ಮೇಲು ಎಂಬ ನಂಬಿಕೆಯನ್ನು ಸಂದುಗಳ ಅಳತೆ ತಿದ್ದುತ್ತದೆ.

ಮೂರನೆಯದು ಮುಪ್ಪು. ಗಾಜು ಸ್ಥಿತಿಯ ಪಾಲಿಮರ್ ಸಮತೋಲದಲ್ಲಿರುವುದಿಲ್ಲ. ಅದು ತಿಂಗಳು, ವರ್ಷಗಳ ಕಾಲ ನಿಧಾನವಾಗಿ ಒತ್ತಾಗುತ್ತ ಹೋಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಯಾವ ರಾಸಾಯನಿಕ ಬಂಧವೂ ಮುರಿಯದೆ ಆಗುವ ಈ ಬದಲಾವಣೆಯನ್ನು ಸ್ಟ್ರುಯಿಕ್ 1978ರ ತನ್ನ ಗ್ರಂಥದಲ್ಲಿ ಭೌತಿಕ ಮುಪ್ಪು ಎಂದು ವಿವರಿಸಿದ. ನಾಲ್ಕನೆಯದು ತೇವ. ಸಂದಿಗೆ ನೀರಿನ ಅಣು ಹೊಕ್ಕರೆ ಪಾಸಿಟ್ರೋನಿಯಂಗೆ ಜಾಗ ಕಡಿಮೆಯಾಗಿ ಆಯುಷ್ಯ ತಗ್ಗಬಹುದು. ನೀರು ಇನ್ನೂ ಹೆಚ್ಚಾಗಿ ಬಲೆ ಉಬ್ಬಿದರೆ ಅದೇ ಆಯುಷ್ಯ ಏರಬಹುದು.

ಇತರ ವಿಧಾನಗಳು

ಸಾಂದ್ರತೆ ಅಳೆದು, ಅದು ಕೊಡುವ ಒಟ್ಟು ಗಾತ್ರದಿಂದ ಅಣುಗಳು ಆಕ್ರಮಿಸಿದ ಗಾತ್ರವನ್ನು ಕಳೆಯುವುದು ಹಳೆಯ ಕ್ರಮ. ಆ ಕಳೆಯುವ ಅಂಕಿಗೆ, ಅಣುಗುಂಪುಗಳ ಗಾತ್ರವನ್ನು ಪಟ್ಟಿಮಾಡಿದ ಬೊಂಡಿಯ ಕೋಷ್ಟಕಗಳು ಆಧಾರ. ಒತ್ತಡ ಮತ್ತು ತಾಪವನ್ನು ಬದಲಿಸುತ್ತ ಗಾತ್ರ ಅಳೆದು, ಸಿಂಹಾ–ಸೊಮ್ಸಿನ್ಸ್ಕಿ ಸಿದ್ಧಾಂತದ ಮೂಲಕ ಒಟ್ಟು ಸಂದನ್ನು ತಿಳಿಯುವುದು ಇನ್ನೊಂದು. ಸಂದುಗಳಿಗೆ ಝೆನಾನ್-129 ಅನಿಲ ತುಂಬಿ ಪರಮಾಣು ಕಾಂತೀಯ ಅನುರಣನ ನೋಡುವುದು, ಕ್ಷ-ಕಿರಣಗಳನ್ನು ಸಣ್ಣ ಕೋನದಲ್ಲಿ ಚದುರಿಸುವುದು, ಅನಿಲ ಹೀರಿಕೆಯನ್ನು ಅಳೆಯುವುದೂ ಬಳಕೆಯಲ್ಲಿವೆ. ಸಿಂಹಾ–ಸೊಮ್ಸಿನ್ಸ್ಕಿ ಲೆಕ್ಕದ ಒಟ್ಟು ಸಂದನ್ನು ಪಾಸಿಟ್ರಾನ್ ಕೊಟ್ಟ ಸರಾಸರಿ ಗಾತ್ರದೊಂದಿಗೆ ಹೋಲಿಸಿದರೆ ಸಂದುಗಳ ಸಂಖ್ಯೆ ಸಿಗುತ್ತದೆ. ತೀವ್ರತೆಯನ್ನು ನೆಚ್ಚುವುದಕ್ಕಿಂತ ಇದು ಭದ್ರವಾದ ದಾರಿ.

ಮಿತಿಗಳು

ತೀವ್ರತೆ ಸಂದುಗಳ ಎಣಿಕೆಯೇ ಎಂದು ಕಣ್ಣುಮುಚ್ಚಿ ಓದುವಂತಿಲ್ಲ. ಪಾಸಿಟ್ರೋನಿಯಂ ಹುಟ್ಟುವುದಕ್ಕೆ ಸಡಿಲ ಎಲೆಕ್ಟ್ರಾನ್ ಬೇಕು. ಕ್ಲೋರಿನ್, ನೈಟ್ರೊ ಗುಂಪುಗಳು ಅಂಥ ಎಲೆಕ್ಟ್ರಾನ್‌ಗಳನ್ನು ಕಬಳಿಸಿದರೆ ಸಂದುಗಳು ಇದ್ದರೂ ತೀವ್ರತೆ ಕುಸಿಯುತ್ತದೆ. ಟೈರಿನ ರಬ್ಬರಿಗೆ ಬೆರೆಸುವ ಕಾರ್ಬನ್ ಬ್ಲ್ಯಾಕ್ ಕೂಡ ಪಾಸಿಟ್ರಾನ್‌ಗಳನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಹೀಗಾಗಿ ಶುದ್ಧ ರಬ್ಬರಿನಲ್ಲಿ ಸಿಕ್ಕ ಸ್ಪಷ್ಟ ಚಿತ್ರ ಟೈರಿನ ತುಂಡಿನಲ್ಲಿ ಅಷ್ಟೇ ಸ್ಪಷ್ಟವಾಗಿ ಸಿಗುವುದಿಲ್ಲ. ಸಂದು ಗೋಳವೆಂಬುದು ಲೆಕ್ಕದ ಅನುಕೂಲ. ನಿಜವಾದ ಸಂದು ಅಂಕುಡೊಂಕಾಗಿರುತ್ತದೆ, ಸರಪಳಿಗಳ ಚಲನೆಯೊಂದಿಗೆ ಆಕಾರ ಬದಲಿಸುತ್ತಿರುತ್ತದೆ. ಸೋಡಿಯಂ-22ರಂಥ ಮೂಲದಿಂದ ಬಣ್ಣದ ತೆಳು ಪದರಗಳನ್ನು ಅಳೆಯಲಾಗದು; ಅದಕ್ಕೆ ವೇಗ ತಗ್ಗಿಸಿದ ಪಾಸಿಟ್ರಾನ್ ಕಿರಣಪುಂಜ ಬೇಕು.

ಬಳಕೆ: ಹೆದ್ದಾರಿಯ ಬದಿಯಲ್ಲಿ

ಹುಮನಾಬಾದಿನ ಪಂಚರ್ ಅಂಗಡಿಯ ಟ್ಯೂಬ್ ಸಾಮಾನ್ಯವಾಗಿ ಬ್ಯುಟೈಲ್ ರಬ್ಬರಿನದು. 1937ರಲ್ಲಿ ಅಮೆರಿಕದ ಸ್ಪಾರ್ಕ್ಸ್ ಮತ್ತು ಥಾಮಸ್ ರೂಪಿಸಿದ ಈ ರಬ್ಬರ್ ಸ್ವಾಭಾವಿಕ ರಬ್ಬರು ಬಿಡುವುದರ ಹತ್ತನೇ ಒಂದಕ್ಕೂ ಕಡಿಮೆ ಗಾಳಿ ಬಿಡುತ್ತದೆ. ಅದರ ಸರಪಳಿಗಳು ಒತ್ತಾಗಿ ಕೂರುತ್ತವೆ, ನಿಧಾನವಾಗಿ ಚಲಿಸುತ್ತವೆ. ನೈಟ್ರೊಜನ್ ಅಣುವಿನ ಅಡ್ಡಳತೆ 0.36 ನ್ಯಾನೊಮೀಟರ್, ಅಂದರೆ ಸಂದಿಗಿಂತ ಚಿಕ್ಕದೇ. ಆದರೂ ಮುಂದಿನ ಸಂದು ತೆರೆಯುವ ತನಕ ಅದು ಕಾಯಬೇಕು. ಗಾಳಿ ನಿಲ್ಲುವುದು ಸಂದಿನ ಅಳತೆ ಮತ್ತು ಸರಪಳಿಯ ಚಲನೆ ಎರಡರಿಂದಲೂ ಎಂದು ಟ್ಯೂಬ್ ತೋರಿಸುತ್ತದೆ.

ಬಸವಕಲ್ಯಾಣದ ಗ್ಯಾರೇಜಿನಲ್ಲಿ ಸೋರುವ ಟ್ಯಾಂಕಿಗೆ ಮೆತ್ತಿದ ಎಂ-ಸೀಲ್ ಎಂಬ ಎಪಾಕ್ಸಿ ಬಿಸಿಲಿಗೆ ಸಡಿಲವಾಗುವುದಕ್ಕೂ ಸಂದು ಮತ್ತು ಸರಪಳಿಯ ಚಲನೆಯೇ ವಿವರಣೆ. ಕೋಣೆಯ ತಾಪದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳ ಗಾಜು-ಸಂಕ್ರಮಣ ತಾಪಮಾನ ಸಾಮಾನ್ಯವಾಗಿ 50–60 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳ ಬಿಸಿಲಿಗೆ ಕಾದ ತಗಡು ಅಷ್ಟು ಬಿಸಿಯಾಗಬಲ್ಲದು. ಆಗ ಸಂದುಗಳು ಹಿಗ್ಗುತ್ತವೆ, ಸರಪಳಿಗಳು ಓಡಾಡತೊಡಗುತ್ತವೆ, ಹಿಡಿತ ಸಡಿಲವಾಗುತ್ತದೆ. 25 ಡಿಗ್ರಿಯ ಪ್ರಯೋಗಾಲಯದಲ್ಲಿ ಪಡೆದ ಬಲದ ಅಂಕಿ ಈ ಟ್ಯಾಂಕಿಗೆ ಅನ್ವಯಿಸುವುದಿಲ್ಲ.

ವಸ್ತು ಎಲ್ಲಿ ದುಡಿಯುತ್ತದೋ ಅಲ್ಲಿಯ ತಾಪ, ತೇವ, ಒತ್ತಡಗಳಲ್ಲೇ ಅದರ ಮುಕ್ತ ಗಾತ್ರವನ್ನು ಅಳೆಯಬೇಕು. ಪಾಸಿಟ್ರಾನ್ ಆಯುಷ್ಯದ ಉಪಕರಣಕ್ಕೆ ವೇಗವರ್ಧಕ ಯಂತ್ರ ಬೇಕಿಲ್ಲ. ಒಂದು ಮೇಜಿನ ಮೇಲೆ ಅದು ನಿಲ್ಲುತ್ತದೆ, ಮಾದರಿಯನ್ನು ಕಾಯಿಸುವ ಕೋಶವನ್ನೂ ಅದಕ್ಕೆ ಜೋಡಿಸಬಹುದು. ಮೈಸೂರು ವಿಶ್ವವಿದ್ಯಾನಿಲಯ ಇಂಥ ಉಪಕರಣದಿಂದಲೇ ದಶಕಗಳ ಕಾಲ ಜಗತ್ತಿನ ಪತ್ರಿಕೆಗಳಿಗೆ ಸಲ್ಲುವ ಫಲ ಕೊಟ್ಟಿತು. ಕಲ್ಯಾಣ ಕರ್ನಾಟಕದ ಬಿಸಿಲಿನಲ್ಲಿ ಬಳಕೆಯಾಗುವ ರಬ್ಬರು, ರೆಸಿನ್, ಕೇಬಲ್ ಹೊದಿಕೆಗಳನ್ನು 40ರಿಂದ 70 ಡಿಗ್ರಿಯ ನಡುವೆ ಇದೇ ಕ್ರಮದಲ್ಲಿ ಪರೀಕ್ಷಿಸಿದರೆ, ಯಾವ ಸರಕು ಈ ನೆಲಕ್ಕೆ ಒಗ್ಗುತ್ತದೆಂದು ಕೊಳ್ಳುವ ಮೊದಲೇ ಹೇಳಬಹುದು.